ಏಪ್ರಿಲ್‌ನಲ್ಲಿ ಕೊಂಬೆ ಕಡಿದವನ ಮಾತು

ಮೊನ್ನೆ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಹಕ್ಕಿಗಳ ಬಗ್ಗೆ ಮಾತಾಡಲು ಕರೆದಿದ್ದರು. ಎದ್ದು ನಿಂತು ನಮಸ್ಕಾರ ಅಂದದ್ದೇ ತಡ, ಕರೆಂಟ್ ಹೋಯಿತು. ಜೀವಮಾನವೆಲ್ಲ ಲೈನ್‌ಮ್ಯಾನ್ ಆಗಿದ್ದವನ ಭಾಷಣಕ್ಕೇ ಕರೆಂಟ್ ಇಲ್ಲ! ಇಡೀ ಹಾಲ್ ನಕ್ಕಿತು, ನಾನೂ ನಕ್ಕೆ. ಮೈಕ್ ಇಲ್ಲದೆ ಗಂಟಲು ಹರಿದುಕೊಂಡು ಮುಕ್ಕಾಲು ಗಂಟೆ ಮಾತಾಡಿದೆ. ಹಿಂದಿನ ಬೆಂಚಿನವರಿಗೆ ಅರ್ಧ ಕೇಳಿಸಲೇ ಇಲ್ಲವಂತೆ, ಬರೆದು ಕೊಡಿ ಅಂದರು. ಆಡಿದ್ದನ್ನು ಹೆಚ್ಚುಕಮ್ಮಿ ಹಾಗೇ ಬರೆದಿದ್ದೇನೆ. ಅಲ್ಲಿ ಮರೆತ ಒಂದೆರಡು ಮಾತು ಇಲ್ಲಿ ಸೇರಿವೆ.

ಪರಿಚಯ ಮಾಡಿಕೊಡುವಾಗ ನನ್ನನ್ನು ‘ಪಕ್ಷಿತಜ್ಞರು’ ಅಂದರು. ಅದು ಸ್ವಲ್ಪ ಜಾಸ್ತಿ ಆಯ್ತು. ನಾನು ತೀರ್ಥಹಳ್ಳಿ, ಹೊಸನಗರದ ಕಡೆ ಕಂಬ ಹತ್ತಿಕೊಂಡಿದ್ದವನು. ಕಂಬದ ಮೇಲೆ ನಿಂತರೆ ಅಕ್ಕಪಕ್ಕದ ಮರದ ತಲೆ ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ನೀವೆಲ್ಲ ಕತ್ತು ಎತ್ತಿ ಹಕ್ಕಿಯ ಹೊಟ್ಟೆ ನೋಡುತ್ತೀರಿ, ನಾನು ಬೆನ್ನು ನೋಡಿದ್ದೇನೆ. ನನಗಿರುವ ಅರ್ಹತೆ ಇಷ್ಟೇ.

ಇನ್ನೊಂದು ಅರ್ಹತೆಯೂ ಇದೆ, ಹೇಳಿಕೊಳ್ಳುವಂಥದ್ದಲ್ಲ. ನಾನು ಹಕ್ಕಿಗಳನ್ನು ಕೊಂದಿದ್ದೇನೆ. ಕೋವಿ ಹಿಡಿದಲ್ಲ, ಕತ್ತಿ ಹಿಡಿದು, ಸಂಬಳ ತಗೊಂಡು.

ಲೈನ್ ಕೆಲಸದಲ್ಲಿ ಜಂಗಲ್ ಕಟಿಂಗ್ ಅಂತ ಒಂದಿದೆ. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆಗಳನ್ನೆಲ್ಲ ಸವರಬೇಕು. ಇಲ್ಲದಿದ್ದರೆ ಮೊದಲ ಗಾಳಿಮಳೆಗೇ ಕೊಂಬೆ ಬಿದ್ದು ಲೈನ್ ಹೋಗುತ್ತದೆ. ಮಲೆನಾಡಿನಲ್ಲಿ ಒಂದು ಸಲ ಲೈನ್ ಹೋದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು, ಮೂರು ದಿನ, ಕೆಲವು ಕಡೆ ವಾರ. ಆಮೇಲೆ ಫೋನ್ ಮಾಡಿ ಬೈಯುವವರೂ ನೀವೇ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಗ್ಯಾಂಗ್ ಊರೂರು ಅಲೆಯುತ್ತಿತ್ತು. ಎಲ್.ಸಿ. ತಗೊಳ್ಳೋದು, ಅಂದರೆ ಲೈನ್ ಆಫ್ ಮಾಡಿಸಿಕೊಳ್ಳೋದು, ಏಣಿ ಹಾಕೋದು, ಕಡಿಯೋದು, ಮುಂದಿನ ಕಂಬಕ್ಕೆ ಹೋಗೋದು.

ಹೊಸನಗರದ ಕಡೆ ಒಂದು ಮನೆಯ ಬೇಲಿಯಲ್ಲಿ ದೊಡ್ಡ ಹಾಲವಾಣದ ಮರ ಇತ್ತು. ಅದರ ಒಂದು ಒಣಕೊಂಬೆ 11 ಕೆ.ವಿ. ಲೈನಿನ ಕಡೆ ಬಾಗಿತ್ತು. ಹಾಲವಾಣ ಮೆದು ಮರ, ನಾಲ್ಕು ಏಟಿಗೆ ಕೊಂಬೆ ಕೆಳಗೆ ಬಂತು. ಬಿದ್ದ ಏಟಿಗೆ ಉದ್ದಕ್ಕೆ ಸೀಳಿಕೊಂಡಿತು. ಇಳಿದು ನೋಡುತ್ತೇನೆ, ಒಳಗೆ ಯಾರೋ ಉಳಿಯಲ್ಲಿ ಕೆತ್ತಿದ ಹಾಗೆ ನುಣ್ಣನೆ ಪೊಟರೆ. ಬಾಯಿ ದುಂಡಗೆ, ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಒಳಗೆ ಹೋಗಿ ಕೆಳಗೆ ತಿರುಗಿ, ಒಂದು ಗೇಣು ಆಳ. ತಳದಲ್ಲಿ ಮರದ ಹೊಟ್ಟು, ಅದರ ಮೇಲೆ ಮೂರು ಮರಿ. ಗರಿ ಇಲ್ಲ, ಕಣ್ಣು ಬಿಟ್ಟಿಲ್ಲ, ಬೇಯಿಸಿದ ಹಾಗೆ ಕೆಂಪಗೆ. ಹಿಮ್ಮಡಿಯಲ್ಲಿ ಮಾತ್ರ ಒರಟು ಗಂಟು, ಪುಟ್ಟ ಬೂಟು ಹಾಕಿದ ಹಾಗೆ. ಗೂಡಿಗೆ ಹುಲ್ಲು ಹಾಸುವ ಅಭ್ಯಾಸ ಕುಟ್ರುಹಕ್ಕಿಗೆ ಇಲ್ಲ, ಮರಿಗಳು ಬರೀ ಕಟ್ಟಿಗೆಯ ಮೇಲೆ ತೆವಳಬೇಕು, ಅದಕ್ಕೇ ಆ ಗಂಟು. ಇದನ್ನೆಲ್ಲ ತಿಳಿದುಕೊಂಡದ್ದು ಆಮೇಲೆ. ಆವತ್ತು ನನಗೆ ಅದು ಕುಟ್ರುಹಕ್ಕಿ ಅಂತಲೂ ಗೊತ್ತಿರಲಿಲ್ಲ. ಬೇಸಿಗೆಯಿಡೀ ‘ಕುಟ್ರೂ ಕುಟ್ರೂ’ ಅಂತ ತಲೆ ತಿನ್ನುವ ಹಸಿರು ಹಕ್ಕಿ ಇದೇ ಅಂತ ಆ ಮನೆಯ ಅಜ್ಜಿ ಹೇಳಿದರು.

ಸೀಳಿದ ಎರಡು ಹೋಳನ್ನು ಸೇರಿಸಿ ಬೈಂಡಿಂಗ್ ವೈರ್ ಸುತ್ತಿದೆ. ಮರಿಗಳನ್ನು ಒಳಗಿಟ್ಟು, ಲೈನಿಗೆ ತಾಗದ ಹಾಗೆ ಅದೇ ಮರದಲ್ಲಿ ಎಂಟು ಅಡಿ ಕೆಳಗೆ ಕಟ್ಟಿದೆ. ದೊಡ್ಡ ಕೆಲಸ ಮಾಡಿದೆ ಅಂದುಕೊಂಡೆ. ಅಷ್ಟರಲ್ಲಿ ತಾಯಿಯೋ ತಂದೆಯೋ ಬಂತು. ಎರಡೂ ಮರಿಗೆ ಉಣಿಸುತ್ತವೆ, ನೋಡಲು ಎರಡೂ ಒಂದೇ ಥರ. ಕೊಕ್ಕಿನಲ್ಲಿ ಒಂದು ಅತ್ತಿಹಣ್ಣು. ಸೀದಾ ಹಾರಿಬಂದು, ಮೊದಲು ಪೊಟರೆಯ ಬಾಯಿ ಇದ್ದ ಜಾಗಕ್ಕೆ ಬಂದು, ಬರೀ ಗಾಳಿಯಲ್ಲಿ ರೆಕ್ಕೆ ಬಡಿಯಿತು. ಅಲ್ಲಿ ಏನೂ ಇಲ್ಲ. ಪಕ್ಕದ ಕೊಂಬೆಗೆ ಹೋಗಿ ಕೂತು ಆಕಡೆ ಈಕಡೆ ನೋಡಿತು. ಮತ್ತೆ ಬಂತು, ಮತ್ತೆ ಅದೇ ಜಾಗಕ್ಕೆ. ನಾನು ನೋಡುತ್ತಿದ್ದಾಗಲೇ ನಾಲ್ಕು ಸಲ ಬಂತು, ಹಣ್ಣು ಬಾಯಲ್ಲೇ ಇತ್ತು. ಎಂಟೇ ಅಡಿ ಕೆಳಗೆ ಮರಿಗಳು ಚೀಂಗುಡುತ್ತಿದ್ದರೂ ಅದಕ್ಕೆ ಲೆಕ್ಕಕ್ಕೆ ಸಿಗಲಿಲ್ಲ. ‘ಇನ್ನೂ 14 ಕಂಬ ಇದೆ ಮಾರಾಯ, ಬಾ’ ಅಂತ ಕೆಳಗಿನಿಂದ ಕೂಗಿದರು, ಹೋದೆ. ಮಾರನೇ ದಿನ ಸೈಕಲ್ ಹೊಡೆದುಕೊಂಡು ಹೋಗಿ ನೋಡಿದರೆ ಪೊಟರೆಯ ಬಾಯಲ್ಲಿ ಕೆಂಪಿರುವೆಯ ಸಾಲು.

ಇದನ್ನು ನಿಮ್ಮ ಕಣ್ಣು ಒದ್ದೆ ಮಾಡಲು ಹೇಳುತ್ತಿಲ್ಲ. ಆ ಕೊಂಬೆಯನ್ನು ಕಡಿಯಲೇಬೇಕಿತ್ತು, ಈಗ ಹೋದರೂ ಕಡಿಯುತ್ತೇನೆ. ಆದರೆ ನವೆಂಬರ್‌ನಲ್ಲಿ ಕಡಿದಿದ್ದರೆ ಆ ಜೋಡಿ ಬೇರೆ ಕೊಂಬೆಯಲ್ಲಿ ತೂತು ಕೊರೆಯುತ್ತಿತ್ತು. ಹೆಚ್ಚಾಗಿ ವರ್ಷವೂ ಹೊಸದಾಗಿ ಕೊರೆಯುವ ಹಕ್ಕಿ ಅದು. ಹಳೆಯ ತೂತುಗಳೂ ಖಾಲಿ ಬೀಳುವುದಿಲ್ಲ, ಮಡಿವಾಳ ಹಕ್ಕಿ ಬರುತ್ತದೆ, ಗೊರವಂಕ ಬರುತ್ತದೆ, ಅಳಿಲು ಬರುತ್ತದೆ. ಒಂದು ಒಣಕೊಂಬೆ ಅಂದರೆ ಬಾಡಿಗೆ ವಠಾರ ಇದ್ದ ಹಾಗೆ. ಕೆಲಸ ಸರಿಯಾಗಿಯೇ ಇತ್ತು, ತಿಂಗಳು ತಪ್ಪಿತ್ತು. ಹಕ್ಕಿಗೆ ತೊಂದರೆ ಕೊಡುವವರನ್ನು ಆಮೇಲೆ ತುಂಬಾ ನೋಡಿದೆ, ಅವರಲ್ಲಿ ನಿಜವಾಗಿ ದುಷ್ಟರು ಅಂತ ಸಿಕ್ಕಿದವರು ಕಡಿಮೆ. ಹೆಚ್ಚಿನವರು ನನ್ನ ಥರದವರೇ, ತಿಂಗಳು ಗೊತ್ತಿಲ್ಲದವರು. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ. ಮುಂದೆ ಹೇಳುವುದೆಲ್ಲ ಇದರದ್ದೇ ಬಾಲ.

ಆವತ್ತಿನಿಂದ ಒಂದು ಚಟ ಹಿಡಿಯಿತು. ನಮ್ಮಲ್ಲಿ ಯಾವ ಫೀಡರ್ (ಸಬ್‌ಸ್ಟೇಷನ್ನಿನಿಂದ ಊರುಗಳಿಗೆ ಹೋಗುವ ಲೈನ್) ಎಷ್ಟು ಹೊತ್ತಿಗೆ ಹೋಯಿತು, ಯಾಕೆ ಹೋಯಿತು ಅಂತ ಬರೆಯುವ ಪುಸ್ತಕ ಇರುತ್ತದೆ. ಅದೇ ಥರದ್ದೊಂದು ನೋಟ್‌ಬುಕ್ ನನಗೇ ಅಂತ ಇಟ್ಟುಕೊಂಡೆ. ಎಡಗಡೆ ಲೈನಿನ ವಿಷಯ, ಬಲಗಡೆ ಹಕ್ಕಿ. ‘ಇನ್ಸುಲೇಟರ್ ಬರ್ಸ್ಟ್, ಪಕ್ಕದ ಮತ್ತಿಮರದಲ್ಲಿ ಭೀಮರಾಜ ಗೂಡು, ಮೂರು ಮೊಟ್ಟೆ.’ ‘ಜಂಪರ್ ಕಟ್. ಹಳ್ಳದಲ್ಲಿ ಕುಂಡೆಕುಸ್ಕ ಬಂದಿದೆ.’ ಜಂಪರ್ ಅಂದರೆ ಒಂದು ತಂತಿಯಿಂದ ಇನ್ನೊಂದಕ್ಕೆ ಸೇರಿಸುವ ತುಂಡು ತಂತಿ. ಬೈನಾಕ್ಯುಲರ್ ಕೊಂಡದ್ದು ಎಷ್ಟೋ ವರ್ಷದ ಮೇಲೆ. ಈಗ ಅಂಥ ಪುಸ್ತಕ ಮನೆಯಲ್ಲಿ 19 ಇವೆ, ಎರಡನ್ನು ಗೆದ್ದಲು ತಿಂದಿದೆ.

ಬರೆಯುತ್ತಾ ಹೋದಾಗ ಒಂದು ವಿಷಯ ಗೊತ್ತಾಯಿತು. ನಮ್ಮ ರೈತರ ಹತ್ತಿರ ಮಳೆಗೆ ಒಂದು ಪಂಚಾಂಗ ಇದೆ ಅಲ್ವಾ, ರೋಹಿಣಿ, ಮೃಗಶಿರ, ಆರಿದ್ರಾ ಅಂತ. ಯಾವ ಮಳೆಗೆ ಬೀಜ ಹಾಕಬೇಕು, ಯಾವ ಮಳೆಗೆ ನೆಟ್ಟಿ ಅಂತ ಬಾಯಲ್ಲೇ ಇರುತ್ತದೆ. ಹಕ್ಕಿಗಳೂ ಹೆಚ್ಚುಕಮ್ಮಿ ಅದೇ ಪಂಚಾಂಗದಲ್ಲೇ ಇವೆ. ಉತ್ತರೆ ಮಳೆ ಹೊತ್ತಿಗೆ ಬೂದು ಕುಂಡೆಕುಸ್ಕ ಹಿಮಾಲಯದ ಕಡೆಯಿಂದ ಇಳಿದು ನಮ್ಮ ಹಳ್ಳಗಳಲ್ಲಿ ಬಾಲ ಕುಣಿಸುತ್ತದೆ. ಇನ್ನೊಂದಿಷ್ಟು ದಿನಕ್ಕೆ ನವರಂಗ. ಒಂದು ಬೆಳಗ್ಗೆ ಯಾರದ್ದೋ ಜಗಲಿಯಲ್ಲಿ ಬಣ್ಣಬಣ್ಣದ ಮೋಟು ಬಾಲದ ಹಕ್ಕಿ ಸುಸ್ತಾಗಿ ಕೂತಿರುತ್ತದೆ, ಮನೆಯವರು ಗಿಳಿಮರಿ ಅಂದುಕೊಳ್ಳುತ್ತಾರೆ. ರಾತ್ರಿಯಿಡೀ ಹಾರಿ ಬಂದದ್ದು ಅದು. ಬೆಕ್ಕನ್ನು ಒಳಗೆ ಕಟ್ಟಿ, ಸುಮ್ನೆ ಬಿಟ್ಟುಬಿಡಿ. ಸಂಜೆಗೆ ತೋಟ ಸೇರಿಕೊಂಡು ತಾನೇ ಶಿಳ್ಳೆ ಹಾಕುತ್ತದೆ.

ಈಗ ಮಂಡಗದ್ದೆಗೆ ಬರುತ್ತೇನೆ. ನೀವೆಲ್ಲ ತೀರ್ಥಹಳ್ಳಿ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿದ್ದೀರಿ. ಶಿವಮೊಗ್ಗದಿಂದ ಸುಮಾರು 30 ಕಿ.ಮೀ., ರಸ್ತೆ ಪಕ್ಕದಲ್ಲೇ ತುಂಗಾ ಹೊಳೆ, ಹೊಳೆ ನಡುವೆ ಒಂದು ಎಕರೆ ಚಿಲ್ಲರೆಯ ನಡುಗಡ್ಡೆ. ಅಷ್ಟೇ ಜಾಗ. ನಮ್ಮ ಕಡೆ ಒಬ್ಬ ಸಣ್ಣ ರೈತನ ಅಡಿಕೆ ತೋಟದಷ್ಟೂ ಇಲ್ಲ. ಮಳೆಗಾಲದಲ್ಲಿ ಅದರ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಇರುಳು ಬಕ ಎಲ್ಲ ಸೇರಿ ಗೂಡು ಹಾಕುತ್ತವೆ. ಮರ ಕಾಣಿಸುವುದಿಲ್ಲ, ಬಿಳಿ ಬಟ್ಟೆ ಒಣಹಾಕಿದ ಹಾಗಿರುತ್ತದೆ.

ಬಸ್ಸಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಇಳಿಯಬೇಕು. ಸಂಜೆ ಐದೂವರೆಗೆ ಹೋಗಿ ಕತ್ತಲಾಗುವವರೆಗೆ ನಿಲ್ಲಿ. ಅಲ್ಲಿ ಪಾಳಿ ಬದಲಾಗುವುದನ್ನು ನೋಡಬೇಕು. ಹಗಲೆಲ್ಲ ಗದ್ದೆಯಲ್ಲಿ ದುಡಿದ ಬೆಳ್ಳಕ್ಕಿಗಳು ಮೂರು, ಐದು, ಹತ್ತರ ಗುಂಪಿನಲ್ಲಿ ಹೊಳೆಗುಂಟ ತಗ್ಗಿನಲ್ಲಿ ಹಾರಿ ಬರುತ್ತವೆ. ಮರಿಗಳು ಕತ್ತು ಚಾಚಿ ಕಿರುಚುತ್ತವೆ. ತಾಯಿಯ ಕೊಕ್ಕನ್ನೇ ಅಡ್ಡಡ್ಡ ಹಿಡಿದು ಎಳೆಯುತ್ತವೆ, ನೋಡಿದರೆ ಪ್ರೀತಿ ಅನ್ನಿಸುವುದಿಲ್ಲ, ಸಾಲ ವಸೂಲಿ ಅನ್ನಿಸುತ್ತದೆ. ಅದೇ ಹೊತ್ತಿಗೆ ಹಗಲಿಡೀ ಮುದುಡಿ ಮಲಗಿದ್ದ ಇರುಳು ಬಕಗಳು ‘ಕ್ವಾಕ್’ ಅಂತ ಒಂದೊಂದೇ ಕೂಗು ಹಾಕಿ ರಾತ್ರಿ ಪಾಳಿಗೆ ಹೊರಡುತ್ತವೆ. ನಮ್ಮ ಸಬ್‌ಸ್ಟೇಷನ್ನಿನಲ್ಲಿ ಚಾರ್ಜ್ ಕೊಟ್ಟು ಮನೆಗೆ ಹೋದ ಹಾಗೆಯೇ, ಸಹಿ ಒಂದು ಬಾಕಿ.

ಮಳೆಗಾಲದಲ್ಲಿ, ಹೊಳೆ ತುಂಬಿರುವಾಗಲೇ ಯಾಕೆ ಗೂಡು? ಸುತ್ತ ನೀರಿದ್ದರೆ ಬೆಕ್ಕು, ಮನುಷ್ಯ ಹತ್ತಿರ ಬರುವುದಿಲ್ಲ. ಮುಖ್ಯ ಕಾರಣ ಊಟ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಗದ್ದೆಗಳಲ್ಲಿ ನೀರು ನಿಂತು ಮೀನು, ಏಡಿ, ಕಪ್ಪೆ, ಗೊದಮೊಟ್ಟೆ ಎಲ್ಲ ಸಮೃದ್ಧ. ಮರಿಗಳಿಗೆ ಬೇಕಾದದ್ದು ಅದೇ. ಅಪಾಯವೂ ಇದೆ, ತುಂಗೆ ಮೈತುಂಬಿ ಬಂದರೆ ಕೆಳಗಿನ ಕೊಂಬೆಗಳ ಗೂಡು ಹೋಗುತ್ತವೆ. ಹಕ್ಕಿಗಳು ಆ ಲೆಕ್ಕ ಹಾಕಿಯೇ ಬಂದಿವೆ ಅನ್ನಿ.

ಅವುಗಳ ಲೆಕ್ಕದಲ್ಲಿ ಇಲ್ಲದ್ದು ನಮ್ಮ ಗದ್ದೆಗಳ ಕಥೆ. ಪಕ್ಷಿಧಾಮ ಅಂತ ಬೋರ್ಡ್ ಇರುವುದು ಆ ಒಂದು ಎಕರೆಗೆ. ಆ ಹಕ್ಕಿಗಳು ಉಣ್ಣುವುದು ಸುತ್ತಲಿನ ಊರುಗಳ ಭತ್ತದ ಗದ್ದೆಯಲ್ಲಿ, ಅಲ್ಲಿ ಯಾವ ಬೋರ್ಡೂ ಇಲ್ಲ. ನನ್ನ ನೋಟ್‌ಬುಕ್ಕಿನ ಹಳೇ ಪುಟಗಳಲ್ಲಿ ‘ಗದ್ದೆ ಕೋಗು’ (ಗದ್ದೆಗಳ ಬಯಲು) ಅಂತ ಬರೆದಿರುವ ಎಷ್ಟೋ ಜಾಗ ಈಗ ಅಡಿಕೆ ತೋಟ. ಒಂದಿಷ್ಟು ಶುಂಠಿ. ಗದ್ದೆಯನ್ನು ಗುತ್ತಿಗೆಗೆ ಕೊಟ್ಟರೆ, ಏರು ಮಡಿ ಮಾಡಿ, ನೀರು ಬಸಿದು, ಔಷಧಿ ಹೊಡೆದು, ಎರಡು ಮೂರು ವರ್ಷಕ್ಕೆ ಬಿಟ್ಟು ಹೋಗುತ್ತಾರೆ. ಆ ಮಣ್ಣಿನಲ್ಲಿ ಏಡಿ ಹುಡುಕಿ ನೋಡೋಣ. ರೈತರನ್ನು ಬೈಯಲು ನನಗೆ ಬಾಯಿಲ್ಲ, ಭತ್ತ ಬೆಳೆದರೆ ಕೂಲಿ ಕೂಡ ಹುಟ್ಟುವುದಿಲ್ಲ, ನಾನೇ ನಮ್ಮ ಮನೆಯ ಕೆಳಗಿನ ಅರ್ಧ ಎಕರೆಗೆ ಅಡಿಕೆ ಹಾಕಿದ್ದೇನೆ. ಆದರೆ ಮಂಡಗದ್ದೆ ಉಳಿಸಬೇಕು ಅನ್ನುವವರು ನಡುಗಡ್ಡೆಯನ್ನು ಮಾತ್ರ ನೋಡಿದರೆ ಊಟದ ಮನೆ ಮುಚ್ಚಿ ಮಲಗುವ ಕೋಣೆಗೆ ಬಣ್ಣ ಹೊಡೆದ ಹಾಗೆ. ನೀವು ನಿಮ್ಮೂರಿಗೆ ಹೋದಾಗ ಮಾಡಬಹುದಾದದ್ದು ಸಣ್ಣದು. ನೀರು ನಿಲ್ಲುವ ಒಂದು ಮೂಲೆ, ಒಂದು ಹಳೇ ಹೊಂಡ, ಅಷ್ಟನ್ನು ಮುಚ್ಚದೆ ಬಿಡಿ. ಆ ಮೂರು ತಿಂಗಳು ಅಲ್ಲಿಗೆ ಔಷಧಿಯ ಡ್ರಮ್ ತೊಳೆಯಲು ಹೋಗಬೇಡಿ.

ಭದ್ರಾದಲ್ಲಿ ಇದು ತಿರುಗುಮುರುಗು. ಮಂಡಗದ್ದೆಯ ಹಕ್ಕಿಗೆ ಹೊಳೆ ತುಂಬಬೇಕು, ಲಕ್ಕವಳ್ಳಿಯ ರಿವರ್ ಟರ್ನ್ ಹಕ್ಕಿಗಳಿಗೆ ನೀರು ಇಳಿಯಬೇಕು. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದು ಬೋಳು ದಿಬ್ಬಗಳು ಮೇಲೆ ಬರುತ್ತವೆ, ಅಲ್ಲಿ ಬರೀ ನೆಲದ ಮೇಲೆ, ಕಲ್ಲುಚೂರುಗಳ ನಡುವೆ ಮೊಟ್ಟೆ ಇಡುತ್ತವೆ. ಮೊಟ್ಟೆಯೂ ಕಲ್ಲಿನ ಬಣ್ಣವೇ. ಫೋಟೋ ಆಸೆಗೆ ಯಾರಾದರೂ ದಿಬ್ಬದ ಮೇಲೆ ಕಾಲಿಟ್ಟರೆ ಎರಡು ಅನಾಹುತ. ಒಂದು, ಕಾಣದೆ ತುಳಿಯುವುದು. ಎರಡನೆಯದು ಜಾಸ್ತಿ ಕೆಟ್ಟದ್ದು. ತಾಯಿ ಎದ್ದು ಹೋದರೆ ಮಾರ್ಚ್, ಏಪ್ರಿಲ್ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗುತ್ತದೆ. ಆ ಹಕ್ಕಿ ಮೊಟ್ಟೆ ಮೇಲೆ ಕೂರುವುದು ಶಾಖ ಕೊಡಲು ಅಂದುಕೊಂಡಿದ್ದೆ, ಎಷ್ಟೋ ಹೊತ್ತು ಅದು ನೆರಳು ಕೊಡುತ್ತಿರುತ್ತದೆ. ಹೊಳೆಯ ಹೊಟ್ಟೆಯಿಂದ ಮರಳು ತೆಗೆಯುತ್ತಾ ಹೋದ ಹಾಗೆ ದೇಶದ ಬೇರೆ ಕಡೆ ಇವಕ್ಕೆ ಗೂಡಿನ ಜಾಗವೇ ಕಡಿಮೆ ಆಗಿದೆ, ಜಗತ್ತಿನ ಅಪಾಯದ ಪಟ್ಟಿಯಲ್ಲೂ ಸೇರಿವೆ. ನಮ್ಮ ಪುಣ್ಯಕ್ಕೆ ಭದ್ರಾದಲ್ಲಿ ಇನ್ನೂ ದೊಡ್ಡ ಗುಂಪು ಇದೆ. ದೋಣಿಯಲ್ಲೇ ಕೂತು ನೋಡಿ, ಚೆನ್ನಾಗಿಯೇ ಕಾಣುತ್ತವೆ.

ಸೊರಬದ ಗುಡವಿಯನ್ನು ಇಲ್ಲಿ ಬಿಡುತ್ತಿದ್ದೇನೆ, ಬಿಳಿ ಕೆಂಬರಲು ನೋಡಬೇಕಾದರೆ ಮಳೆಗಾಲದಲ್ಲಿ ಒಮ್ಮೆ ಹೋಗಿ ಬನ್ನಿ. ಸೊರಬದ ಬಗ್ಗೆ ಹೇಳಬೇಕಾದ ಇನ್ನೊಂದು ಕಥೆ ಇದೆ, ಇಲ್ಲಿರುವವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ.

ಮಂಗನ ಕಾಯಿಲೆ ಗೊತ್ತಲ್ಲ? 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ವೈರಸ್ ಹುಡುಕಿದರೆ ಅದು ಸೈಬೀರಿಯಾದ ಓಮ್ಸ್ಕ್ ಕಡೆಯ ಒಂದು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ! ನಡುವೆ ಓಡಾಡುವವರು ಯಾರು? ವಲಸೆ ಹಕ್ಕಿಗಳ ಮೇಲೆ ಅನುಮಾನ ಬಂತು, ಉಣುಗುಗಳನ್ನು ಮೈಮೇಲೆ ಹೊತ್ತು ತಂದಿರಬಹುದು ಅಂತ. ಅದನ್ನು ಪರೀಕ್ಷೆ ಮಾಡಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಕಾಲಿಗೆ ನಂಬರಿನ ಉಂಗುರ ಹಾಕಿ ಬಿಡುವ ದೊಡ್ಡ ಕೆಲಸ ಶುರು ಮಾಡಿದರು. ಹಕ್ಕಿಗಳೇ ಕಾಯಿಲೆ ತಂದವು ಅನ್ನುವುದು ಸಾಬೀತಾಗಲಿಲ್ಲ. ಆದರೆ ನಮ್ಮ ದೇಶದ ವಲಸೆ ಹಕ್ಕಿಗಳು ಎಲ್ಲಿಂದ ಬರುತ್ತವೆ, ಯಾವಾಗ ಬರುತ್ತವೆ ಅನ್ನುವುದರ ಬಗ್ಗೆ ಇವತ್ತು ಗೊತ್ತಿರುವುದರಲ್ಲಿ ಒಂದು ದೊಡ್ಡ ಪಾಲು ಆ ಉಂಗುರಗಳಿಂದ ಬಂದದ್ದು. ನಮ್ಮ ಸೊರಬದ ಮಂಗ ಸತ್ತದ್ದರಿಂದ ಭಾರತದ ಹಕ್ಕಿಗಳಿಗೆ ಒಂದು ಕ್ಯಾಲೆಂಡರ್ ಸಿಕ್ಕಿತು. ಸೊರಬದವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕೋ ಬೇಡವೋ ನನಗೆ ಗೊತ್ತಿಲ್ಲ, ನಾನಂತೂ ಹೇಳುತ್ತೇನೆ.

ಸೊರಬ, ಸಾಗರದ ಕಾನುಗಳ ವಿಷಯಕ್ಕೂ ಒಂದು ಮಾತು. ಕಾನು ಅಂದರೆ ದೇವರ ಹೆಸರಲ್ಲಿ ಉಳಿದ ದಟ್ಟ ಹಸಿರು ಕಾಡು. 1868ರಷ್ಟು ಹಿಂದೆ ಬ್ರಿಟಿಷ್ ಅಧಿಕಾರಿಗಳು ಸೊರಬ ತಾಲೂಕೊಂದರಲ್ಲೇ 171 ಕಾನುಗಳನ್ನು ಪಟ್ಟಿ ಮಾಡಿದ್ದರು. ಮಂಗಟ್ಟೆ ಹಕ್ಕಿಗೆ ಬೇಕಾದದ್ದು ಅಂಥ ಕಾಡಿನ ಹಳೇ ಮರ. ಜನವರಿ, ಫೆಬ್ರವರಿಗೆ ಹೆಣ್ಣು ಪೊಟರೆಯೊಳಗೆ ಹೋಗಿ, ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಂಡು, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಕೂರುತ್ತದೆ. ಒಳಗೆ ರೆಕ್ಕೆಯ ಗರಿಗಳನ್ನೂ ಉದುರಿಸಿಕೊಳ್ಳುತ್ತದೆ, ಅಂದರೆ ಹೊರಗೆ ಬಂದರೂ ಹಾರಲಾಗದು. ತಿಂಗಳುಗಟ್ಟಲೆ ಗಂಡು ಹಣ್ಣು ತಂದು ಕೊಡಬೇಕು, ಆಲ, ಬಸರಿ, ಅತ್ತಿ, ರಾಮಪತ್ರೆ. ನಮ್ಮವರು ರಾಮಪತ್ರೆ ಕೊಯ್ಯುವುದೂ ಬೇಸಿಗೆಯಲ್ಲೇ. ಮರ ಹತ್ತಿ ಕಾಯಿ ಕಿತ್ತರೆ ಪರವಾಗಿಲ್ಲ, ಒಂದಿಷ್ಟು ತುದಿಯಲ್ಲಿ ಉಳಿಯುತ್ತದೆ. ಕೊಂಬೆಯನ್ನೇ ಕಡಿದು ಕೆಡವಿ ಪತ್ರೆ ಬಿಡಿಸಿಕೊಳ್ಳುವವರು ಇದ್ದಾರೆ, ಅವರು ಮುಂದಿನ ವರ್ಷದ್ದನ್ನೂ ಕಡಿದ ಹಾಗೆ, ತಮ್ಮದನ್ನೂ ಸೇರಿಸಿ.

ತಂತಿಯ ವಿಷಯ ಹೇಳದಿದ್ದರೆ ನನ್ನ ಡಿಪಾರ್ಟ್‌ಮೆಂಟಿನವರು ಸಿಟ್ಟಾಗುತ್ತಾರೆ. ಹಕ್ಕಿ ತಂತಿ ಮೇಲೆ ಕೂತರೂ ಯಾಕೆ ಶಾಕ್ ಹೊಡೆಯುವುದಿಲ್ಲ ಅಂತ ಎಲ್ಲ ಮಕ್ಕಳೂ ಕೇಳುತ್ತಾರೆ. ಎರಡು ಕಾಲೂ ಒಂದೇ ತಂತಿಯ ಮೇಲೆ ಇರುತ್ತವೆ, ಕರೆಂಟಿಗೆ ಅದರ ಮೈಯೊಳಗೆ ಹೋಗಲು ಕಾರಣವಿಲ್ಲ. ಒಂದು ರೆಕ್ಕೆ ಇನ್ನೊಂದು ತಂತಿಗೆ ತಾಗಿತೋ, ಅಥವಾ ತಂತಿಗೂ ಕಂಬದ ಕಬ್ಬಿಣಕ್ಕೂ ಒಟ್ಟಿಗೆ ತಾಗಿತೋ, ಮುಗಿಯಿತು. ಕಾಜಾಣ, ಮಿಂಚುಳ್ಳಿ, ಕವಲುತೋಕೆ ಇವಕ್ಕೆಲ್ಲ ಭಯವಿಲ್ಲ, ಮೈ ಸಣ್ಣದು. ಸಾಯುವುದು ದೊಡ್ಡ ರೆಕ್ಕೆಯವು. ನವಿಲು, ಹದ್ದು, ಬಾವಲಿ. ಟ್ರಾನ್ಸ್‌ಫಾರ್ಮರ್ ಮೇಲಿನ ಜಂಪರ್‌ಗಳಿಗೆ ಇನ್ಸುಲೇಟೆಡ್ ತೋಳು ತೊಡಿಸಿದರೆ ಬಹಳಷ್ಟು ತಪ್ಪುತ್ತದೆ. ಅದು ಹಕ್ಕಿಗೆ ಮಾತ್ರ ಉಪಕಾರ ಅಂದುಕೊಳ್ಳಬೇಡಿ, ಒಂದು ನವಿಲು ಸತ್ತರೆ ಒಂದು ಫೀಡರ್ ಕತ್ತಲೆ. ನಮ್ಮ ಸಿರುಗುಪ್ಪದ ಕಡೆ ಕೈಬೆರಳೆಣಿಕೆಗೆ ಇಳಿದಿರುವ, ಹುಲ್ಲು ಬಯಲಿನ ದೊಡ್ಡ ಹಕ್ಕಿ ಗ್ರೇಟ್ ಇಂಡಿಯನ್ ಬಸ್ಟರ್ಡ್‌ನ ಕಥೆ ಬೇರೆ, ಅದರ ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಎದುರಿನ ತಂತಿ ಸರಿಯಾಗಿ ಕಾಣುವುದೇ ಇಲ್ಲ. ರಾಜಸ್ಥಾನದಲ್ಲಿ ತಂತಿಗೆ ಬಡಿದು ಸತ್ತು ಸತ್ತು ವಿಷಯ 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದವರೆಗೂ ಹೋಯಿತು.

ತಂತಿ ಮೇಲೆ ಕೂರುವ ಇನ್ನೊಬ್ಬರು ಇದ್ದಾರೆ, ನಮ್ಮ ರಾಜ್ಯದ ಹಕ್ಕಿ ನೀಲಕಂಠ. ಶಿಕಾರಿಪುರ, ಭದ್ರಾವತಿಯ ಬಯಲು ಕಡೆ ಲೈನ್ ಕೆಲಸಕ್ಕೆ ಹೋದಾಗ ಕಂಬಕ್ಕೊಂದು ಅನ್ನುವ ಹಾಗೆ ನೋಡಿದ ನೆನಪು. ‘ನೆನಪು’ ಅಂದೆ, ಗಮನಿಸಿ. ಎಷ್ಟು ನೋಡಿದೆ ಅಂತ ಬರೆದಿಟ್ಟಿಲ್ಲ. ದಿನಾ ಕಾಣುವ ಹಕ್ಕಿ, ಬರೆಯುವುದೇನು ಅಂತ ಬಿಟ್ಟಿದ್ದೆ. ಮಂಗಟ್ಟೆ ಕಂಡರೆ ಅರ್ಧ ಪುಟ ಬರೆದವನು ನೀಲಕಂಠಕ್ಕೆ ಒಂದು ಸಾಲು ಕೊಟ್ಟದ್ದೇ ಅಪರೂಪ. 2023ರಲ್ಲಿ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ ಬಂತು. 30,000ಕ್ಕೂ ಹೆಚ್ಚು ಸಾಮಾನ್ಯ ಪಕ್ಷಿ ವೀಕ್ಷಕರು ಹಕ್ಕಿ ದಾಖಲೆಗಳ ವೆಬ್‌ಸೈಟ್ ಆದ ಇ-ಬರ್ಡ್‌ಗೆ ಹಾಕಿದ ಸುಮಾರು 3 ಕೋಟಿ ದಾಖಲೆಗಳನ್ನು ಸೋಸಿ, 942 ಜಾತಿಗಳನ್ನು ನೋಡಿ ಬರೆದದ್ದು. ಗಣನೀಯವಾಗಿ ಇಳಿದಿರುವ ಹಕ್ಕಿಗಳಲ್ಲಿ ನೀಲಕಂಠವೂ ಇದೆ. ಅದನ್ನು ಓದಿ ನನ್ನ 19 ಪುಸ್ತಕ ತೆಗೆದು ಹುಡುಕಿದೆ, ನೀಲಕಂಠ ಸಿಕ್ಕಿದ್ದು ಆರು ಕಡೆ. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯ್ತು. ಅದಕ್ಕೇ ನಿಮಗೆ ಹೇಳುವುದು, ಕಾಗೆ ಕಂಡರೂ ಬರೆಯಿರಿ, ಗುಬ್ಬಚ್ಚಿ ಕಂಡರೂ ಬರೆಯಿರಿ, ಯಾವ ದಿನ, ಎಲ್ಲಿ, ಎಷ್ಟು. ಫೆಬ್ರವರಿ ಮಧ್ಯದಲ್ಲಿ 4 ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನುವ ಹಕ್ಕಿ ಎಣಿಕೆ ನಡೆಯುತ್ತದೆ, ನಿಮ್ಮ ಹಾಸ್ಟೆಲಿನ ಟೆರೇಸಿನಲ್ಲಿ ಕಾಲು ಗಂಟೆ ನಿಂತು ಎಣಿಸಿ ಫೋನಿನಲ್ಲೇ ಕಳಿಸಬಹುದು.

ಆಮೇಲೆ ಪ್ರಶ್ನೆಗಳು ಬಂದವು. ಕೆಲವನ್ನು ಬರೆಯುತ್ತೇನೆ.

ಒಬ್ಬ ಹುಡುಗ ಎದ್ದು, ‘ಸರ್, ನಮ್ಮ ತಂದೆ ನವಿಲಿನಿಂದ ಬೆಳೆ ಹೋಯಿತು ಅಂತಾರೆ, ನೀವು ಉಳಿಸಿ ಅಂತೀರಿ’ ಅಂದ. ಒಳ್ಳೆ ಪ್ರಶ್ನೆ. ನವಿಲು ಈಗ ಮಲೆನಾಡಿನ ಒಳಗೂ ಜಾಸ್ತಿ ಕಾಣುತ್ತಿದೆ, ಕಾಡು ತೆರವಾಗಿ ಬಯಲಾದ ಕಡೆ ಅದಕ್ಕೆ ಅನುಕೂಲ. ಬೆಳೆ ಹೋದದ್ದು ಸುಳ್ಳಲ್ಲ. ಆದರೆ ರಾಷ್ಟ್ರಪಕ್ಷಿಗೆ ವಿಷ ಇಟ್ಟರೆ ಜೈಲು. ಅದೂ ಅಲ್ಲದೆ ವಿಷ ನವಿಲಿನ ಹೆಸರು ಕೇಳಿ ಒಳಗೆ ಹೋಗುವುದಿಲ್ಲ, ಪಾರಿವಾಳ, ಕಾಡುಕೋಳಿ, ಮನೆಯ ನಾಯಿ ಎಲ್ಲಕ್ಕೂ ತಾಗುತ್ತದೆ. ಬಿತ್ತಿದ ಮೊದಲ ಎರಡು ವಾರ ಕಾವಲು ಇದ್ದರೆ ಅರ್ಧ ನಷ್ಟ ತಪ್ಪುತ್ತದೆ ಅನ್ನುವುದು ನನ್ನ ಅನುಭವ. ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ ಅಂದೆ. ಹುಡುಗ ಒಪ್ಪಿದ ಹಾಗೆ ಕಾಣಲಿಲ್ಲ.

ಮರಿ ಕೆಳಗೆ ಬಿದ್ದರೆ ಏನು ಮಾಡಬೇಕು? ಗರಿ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ, ಪೊದೆಗೆ ಬಿಟ್ಟು ದೂರ ಹೋಗಿ. ಗರಿ ಇಲ್ಲದಿದ್ದರೆ ಗೂಡಿಗೇ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಅಜ್ಜಿಕಥೆ. ಗೂಡೇ ಹೋಗಿದ್ದರೆ ಬುಟ್ಟಿ ಕಟ್ಟಿ, ಆದರೆ ಇದ್ದ ಜಾಗದಲ್ಲೇ, ಇದ್ದ ಎತ್ತರದಲ್ಲೇ ಕಟ್ಟಿ. ಎಂಟು ಅಡಿ ಕೆಳಗೆ ಬೇಡ.

ಒಬ್ಬಳು ಹುಡುಗಿ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬಹುದಾ ಅಂತ ಕೇಳಿದಳು. ಹೆಸರು ಗುರುತಿಸಲು ಮರ್ಲಿನ್ ಆ್ಯಪ್ ಬಳಸಿ, ತುಂಬಾ ಚೆನ್ನಾಗಿದೆ. ಜೋರಾಗಿ ಹಾಕಿ ಕರೆಯಬೇಡಿ. ಗೂಡಿನ ತಿಂಗಳಲ್ಲಿ ಗಂಡು ಹಕ್ಕಿ ಬೇರೆ ಯಾರೋ ತನ್ನ ಜಾಗಕ್ಕೆ ಬಂದ ಅಂತ ಉಣಿಸುವುದು ಬಿಟ್ಟು ಜಗಳಕ್ಕೆ ಬರುತ್ತದೆ. ನಿಮ್ಮ ಮನೆ ಗೇಟಿನ ಎದುರು ಯಾರಾದರೂ ದಿನಾ ಬೆಳಗ್ಗೆ ಬೈದರೆ ಹೇಗಿರುತ್ತದೆ, ಹಾಗೆ.

ಕೊನೆಗೆ ಹಿಂದಿನಿಂದ ಒಬ್ಬರು ಮೇಷ್ಟ್ರು, ‘ಜಂಗಲ್ ಕಟಿಂಗ್ ತಿಂಗಳು ಬದಲಾಯಿತಾ?’ ಅಂತ ಕೇಳಿದರು. ಅದು ಕೇಳಬೇಕಾದ ಪ್ರಶ್ನೆ. ನಾನು ಮೇಲಿನವರಿಗೆ ಅರ್ಜಿ ಬರೆದಿದ್ದೆ. ದೊಡ್ಡ ಕಟಿಂಗ್ ಮಳೆ ನಿಂತ ಮೇಲೆ ನವೆಂಬರ್, ಡಿಸೆಂಬರ್‌ನಲ್ಲಿ ಮುಗಿಸೋಣ, ಮೇ ತಿಂಗಳಲ್ಲಿ ಒಂದು ಸುತ್ತು ನೋಡಿ ಹೊಸದಾಗಿ ಬೆಳೆದ ಚಿಗುರು ಮಾತ್ರ ಸವರೋಣ, ಲೈನಿಗೆ ಬೀಳದ ಒಣಕೊಂಬೆಯನ್ನು ಮುಟ್ಟುವುದೇ ಬೇಡ ಅಂತ. ಬಿಲ್ಲು, ಟೆಂಡರು, ಮಾರ್ಚ್ ಎಂಡ್ ಅಂತ ಏನೇನೋ ಹೇಳಿದರು, ಉತ್ತರ ಬರಲಿಲ್ಲ. ಹಾಗಂತ ಸುಮ್ನೆ ಕೂರಲಿಲ್ಲ. ನಮ್ಮ ಸೆಕ್ಷನ್ನಿನ ಗ್ಯಾಂಗಿನವರು ಕತ್ತಿ ಹಾಕುವ ಮುಂಚೆ ಕೊಂಬೆಯನ್ನು ಒಂದು ಸಲ ಕೋಲಿನಲ್ಲಿ ತಟ್ಟುವುದು ಅಂತ ಒಂದು ಅಭ್ಯಾಸ ಮಾಡಿಕೊಂಡೆವು. ತಟ್ಟಿದರೆ ಪೊಟರೆಯಿಂದ ತಲೆಯೊಂದು ಹೊರಗೆ ಬರುತ್ತದೆ. ತಲೆ ಬಂದರೆ ಆ ಮರಕ್ಕೆ ಮೂರು ವಾರ ರಜ, ಪುಸ್ತಕದಲ್ಲಿ ಬರೆದು ಮುಂದಿನ ಕಂಬಕ್ಕೆ ಹೋಗುವುದು. ನಾನು ರಿಟೈರ್ ಆದ ಮೇಲೂ ಈಗಿನ ಹುಡುಗರು ತಟ್ಟುತ್ತಾರಂತೆ. ಮೊನ್ನೆ ಒಬ್ಬ ಫೋನ್ ಮಾಡಿ, ‘ಅಣ್ಣ, ತಟ್ಟಿದ್ದಕ್ಕೆ ಕೇರೆಹಾವು ಬಂತು, ಏಣಿಯಿಂದ ಬಿದ್ದೆ’ ಅಂತ ಬೈದ.

ಅಷ್ಟು ಹೊತ್ತಿಗೆ ಕರೆಂಟ್ ಬಂತು, ಮೈಕ್ ಕುಯ್ಯೋ ಅಂತು, ವಂದನಾರ್ಪಣೆ ಆಯಿತು.

ಭಾನುವಾರ ಹಕ್ಕಿ ನೋಡಲು ಬರುತ್ತೇವೆ ಅಂತ ಹೆಸರು ಕೊಟ್ಟವರಿಗೆ: ಬೆಳಗ್ಗೆ ಆರೂವರೆಗೆ ಗಾಜನೂರಿನಲ್ಲಿ ಇಳಿಯಿರಿ, ಅಲ್ಲಿಂದ ಹಿನ್ನೀರಿನ ಅಂಚಿಗೆ ನಡೆಯುವುದು. ಬಿಳಿ ಅಂಗಿ ಬೇಡ, ಸೆಂಟ್ ಬೇಡ. ಉಂಬಳ ಇರುತ್ತದೆ, ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡರೆ ಒಳ್ಳೆಯದು. ತಿಂಡಿ ಅವರವರದ್ದೇ. ನೋಟ್‌ಬುಕ್ ಇಲ್ಲದವರಿಗೆ ನಾನು ತರುತ್ತೇನೆ, ಹಳೇ ಸ್ಟಾಕ್ ಇದೆ.